ಝೈತೂನ್: ಫಲಕಗಳು ಬಿಟ್ಟುಹೋದ ಊರು

ಚೀನಾ ಪ್ರವಾಸ ಕಥನಗಳಿಗೆ ಒಂದು ಸಿದ್ಧ ದಾರಿಯಿದೆ. ಬೀಜಿಂಗ್‌ನಲ್ಲಿ ವಿಮಾನ ಇಳಿದು, ಮಹಾಗೋಡೆಯ ಮೇಲೆ ಏದುಸಿರು ಬಿಟ್ಟು, ನಿಷಿದ್ಧ ನಗರಿಯ ಅಂಗಳಗಳನ್ನು ದಾಟಿ, ಶಿಯಾನ್‌ನ ಮಣ್ಣಿನ ಸೈನಿಕರನ್ನು ನೋಡಿ, ಶಾಂಘೈಯ ಎತ್ತರದ ಕಟ್ಟಡಗಳ ಎದುರು ಬೆರಗಾಗುವಲ್ಲಿಗೆ ಕಥನ ಮುಗಿಯುತ್ತದೆ. ಬರೆಯುವವರು ಮುಸ್ಲಿಮರಾಗಿದ್ದರೆ ಇದಕ್ಕೆ ಇನ್ನೊಂದು ಪುಟ ಸೇರುತ್ತದೆ: ಶಿಯಾನ್‌ನ ದೊಡ್ಡ ಮಸೀದಿ. ಗುಂಬಜ್ ಇಲ್ಲ, ನಮಗೆ ಪರಿಚಿತವಾದ ಮಿನಾರ ಇಲ್ಲ, ಅಂಗಳದ ಹಿಂದೆ ಅಂಗಳ, ಮರದ ಕಮಾನು, ಬಾಗಿದ ಹೆಂಚಿನ ಮಾಡು. ಇದು ಕ್ರಿ.ಶ. 742ರಲ್ಲಿ ಕಟ್ಟಿದ್ದು ಎಂದು ಅಲ್ಲಿನ ಒಂದು ಶಿಲಾಶಾಸನ ಹೇಳುತ್ತದೆ. ಆ ಶಾಸನ ಶತಮಾನಗಳ ಬಳಿಕ ಕೆತ್ತಿದ್ದು, ಈಗಿರುವ ಕಟ್ಟಡಗಳು ಮಿಂಗ್ ಕಾಲದವು ಎಂಬುದು ವಿದ್ವಾಂಸರ ಅಭಿಪ್ರಾಯ. ಆದರೆ ಪ್ರವಾಸ ಕಥನಗಳಲ್ಲಿ ಉಳಿಯುವುದು 742 ಮಾತ್ರ. ಹಳೆಯದಾಗಿದ್ದಷ್ಟೂ ಹೆಮ್ಮೆ ಹೆಚ್ಚು ಎಂಬ ಲೆಕ್ಕಾಚಾರ ಎಲ್ಲ ಸಮುದಾಯಗಳಲ್ಲೂ ಇದೆ.

ಐತಿಹಾಸಿಕ ಸ್ಥಳವೊಂದನ್ನು ನೋಡುವುದೆಂದರೆ ಅದರ ಮುಂದಿನ ಫಲಕವನ್ನು ಓದಿ ನಂಬುವುದೇ? ಅಥವಾ ಒಂದು ಕೃತಿಯನ್ನು ವಿಮರ್ಶಕ ಓದುವಂತೆ, ಹೇಳಿದ್ದೇನು, ಹೇಳದೆ ಬಿಟ್ಟದ್ದೇನು ಎಂದು ಕೇಳುವುದೇ? ಈ ಪ್ರಶ್ನೆಗೆ ಚೀನಾದಲ್ಲಿ ಅತ್ಯಂತ ಒಳ್ಳೆಯ ಪಠ್ಯ ಒದಗಿಸುವ ಊರು ಪ್ರವಾಸಿಗರ ಸಿದ್ಧ ದಾರಿಯಲ್ಲಿ ಇಲ್ಲ. ಅದು ಆಗ್ನೇಯ ಕರಾವಳಿಯ ಫುಜಿಯಾನ್ ಪ್ರಾಂತದ ಕ್ವಾನ್‌ಝೌ.

ಅರಬರು ಈ ಊರನ್ನು ಝೈತೂನ್ ಎಂದು ಕರೆದರು. ಹೆಸರು ಕೇಳಿದರೆ ಆಲಿವ್ ತೋಟಗಳು ನೆನಪಾಗುತ್ತವೆ, ಆದರೆ ಅಲ್ಲಿ ಆಲಿವ್ ಇರಲೇ ಇಲ್ಲ. ಇಬ್ನು ಬತೂತ ಕೂಡಾ ಅದನ್ನು ಗುರುತಿಸಿ ಬರೆದಿದ್ದಾನೆ. ಊರಿನ ಸುತ್ತ ನೆಟ್ಟಿದ್ದ ಕೆಂಪು ಹೂವಿನ ಮರವನ್ನು ಚೀನೀ ಭಾಷೆಯಲ್ಲಿ ತ್ಸಿತೊಂಗ್ ಎನ್ನುತ್ತಾರೆ. ಅದು ಅರಬ್ ನಾವಿಕರ ಕಿವಿಯಲ್ಲಿ ಝೈತೂನ್ ಆಯಿತು. ಆ ಮರ ನಮಗೆ ಅಪರಿಚಿತವಲ್ಲ. ಮಲೆನಾಡಿನಲ್ಲಿ ಕರಿಮೆಣಸಿನ ಬಳ್ಳಿ ಹಬ್ಬಿಸಲು ನೆಡುವ ಹಾಲುವಾಣದ ಜಾತಿಯೇ ಅದು. ನಮ್ಮ ಕರಾವಳಿಯ ಮೆಣಸು ಯಾವ ಊರಿನ ಪೇಟೆಗೆ ಹೋಗುತ್ತಿತ್ತೋ ಆ ಊರಿಗೆ, ಮೆಣಸಿನ ಬಳ್ಳಿಗೆ ಆಸರೆಯಾಗುವ ಮರದ ಹೆಸರು! ಯೂರೋಪಿನ ನಯವಾದ ಬಟ್ಟೆ ಸ್ಯಾಟಿನ್‌ನ ಹೆಸರು ಕೂಡಾ ಇದೇ ಝೈತೂನ್‌ನಿಂದ ಬಂತು ಎನ್ನುತ್ತಾರೆ. ಅಲೆಕ್ಸಾಂಡ್ರಿಯಕ್ಕೆ ಮೆಣಸು ತುಂಬಿದ ಒಂದು ಹಡಗು ಬಂದರೆ ಝೈತೂನಿಗೆ ನೂರು ಬರುತ್ತವೆ ಎಂದು ಮಾರ್ಕೊ ಪೋಲೊ ಬರೆದ. ಉತ್ಪ್ರೇಕ್ಷೆ ಇರಬಹುದು. ಆದರೆ 1974ರಲ್ಲಿ ಇಲ್ಲಿನ ಕೊಲ್ಲಿಯ ಕೆಸರಿನಿಂದ ಹೊರತೆಗೆದ ಸೊಂಗ್ ಕಾಲದ ಹಡಗಿನಲ್ಲಿ ರಾಶಿ ರಾಶಿ ಸುಗಂಧದ ಮರ, ಮೆಣಸು, ಅಡಿಕೆ, ಲೋಬಾನ ಸಿಕ್ಕಿದವು.

ಊರಿನ ಅತ್ಯಂತ ಪ್ರಸಿದ್ಧ ಇಸ್ಲಾಮೀ ಸ್ಮಾರಕ ತುಮೆನ್ ರಸ್ತೆಯಲ್ಲಿರುವ ಚಿಂಗ್‌ಜಿಂಗ್ ಮಸೀದಿ. ಹಸುರು ಛಾಯೆಯ ಕಗ್ಗಲ್ಲಿನ ಎತ್ತರದ ಹೆಬ್ಬಾಗಿಲು, ಒಂದರೊಳಗೊಂದು ಕಮಾನು, ಇರಾನಿನ ಯಾವುದೋ ಪಟ್ಟಣದಿಂದ ಎತ್ತಿ ತಂದಿಟ್ಟಂತಿದೆ. ಒಳಗೆ ಹೋದರೆ ನಮಾಝಿನ ಹಜಾರಕ್ಕೆ ಮಾಡಿಲ್ಲ. ಗೋಡೆಗಳು ನಿಂತಿವೆ, ಕಂಬಗಳ ಬುಡ ಉಳಿದಿವೆ, ಕಿಬ್ಲಾದ ಗೋಡೆಯಲ್ಲಿ ಕುರ್‌ಆನ್ ವಚನಗಳ ಕೆತ್ತನೆ ಇದೆ, ಮೇಲೆ ಆಕಾಶ. ಹಿಜರಿ 400ರಲ್ಲಿ, ಅಂದರೆ 1009-10ರಲ್ಲಿ ಇದನ್ನು ಕಟ್ಟಲಾಯಿತು, ಹಿಜರಿ 710ರಲ್ಲಿ ಶೀರಾಝ್‌ನ ಕುಟುಂಬದ ಅಹ್ಮದ್ ಎಂಬವನು ದುರಸ್ತಿ ಮಾಡಿಸಿದ ಎಂದು ಬಾಗಿಲಿನ ಹಿಂದಿನ ಅರಬೀ ಶಾಸನ ಹೇಳುತ್ತದೆ. ಶಾಸನದಲ್ಲಿರುವ ಮಸೀದಿಯ ಹೆಸರು ಚಿಂಗ್‌ಜಿಂಗ್ ಅಲ್ಲ, ಅಸ್‌ಹಾಬ್ ಮಸೀದಿ.

ಹಾಗಾದರೆ ಚಿಂಗ್‌ಜಿಂಗ್ ಎಂಬ ಹೆಸರು ಬಂದದ್ದೆಲ್ಲಿಂದ? 1131ರಲ್ಲಿ ಸೀರಾಫ್ ಬಂದರಿನಿಂದ ಬಂದ ವ್ಯಾಪಾರಿಯೊಬ್ಬ ಊರಿನ ದಕ್ಷಿಣ ಭಾಗದಲ್ಲಿ ಮಸೀದಿಯೊಂದನ್ನು ಕಟ್ಟಿದ. ಅದರ ಹೆಸರು ಚಿಂಗ್‌ಜಿಂಗ್, ಪರಿಶುದ್ಧ ಎಂದು ಅರ್ಥ. ಅದು ಹಾಳಾಗಿ, 14ನೇ ಶತಮಾನದ ಮಧ್ಯದಲ್ಲಿ ಜೀರ್ಣೋದ್ಧಾರವಾದಾಗ 1350ರಲ್ಲಿ ವು ಜಿಯಾನ್ ಎಂಬ ವಿದ್ವಾಂಸ ಚೀನೀ ಭಾಷೆಯಲ್ಲಿ ಶಾಸನ ಬರೆದ. ಮುಂದೆ ಆ ಮಸೀದಿ ಇಲ್ಲವಾಯಿತು. ಅದರ ಶಾಸನ, 1507ರಲ್ಲಿ ಮರುಕೆತ್ತಿದ ರೂಪದಲ್ಲಿ, ಅಸ್‌ಹಾಬ್ ಮಸೀದಿಯ ಆವರಣದಲ್ಲಿ ನಿಂತಿತು. ಕಲ್ಲಿನ ಜೊತೆಗೆ ಹೆಸರೂ ಬಂತು. ಇವೆರಡು ಬೇರೆ ಬೇರೆ ಮಸೀದಿಗಳೆಂದು ಹಲವು ಸಂಶೋಧಕರು ವಾದಿಸಿದ್ದಾರೆ, ನನಗೂ ಅದು ಒಪ್ಪಿಗೆಯಾಗುತ್ತದೆ. ಅಂದರೆ ಇವತ್ತು ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಮಸೀದಿ, ಸತ್ತುಹೋದ ತನ್ನ ನೆರೆಯ ಮಸೀದಿಯ ಹೆಸರನ್ನು ಹೊತ್ತುಕೊಂಡಿದೆ. ಒಂದೇ ಊರಿನಲ್ಲಿ ಹಲವು ಮಸೀದಿಗಳಿದ್ದವು, ಶೀರಾಝಿನವರದು ಬೇರೆ, ಸೀರಾಫಿನವರದು ಬೇರೆ ಎಂಬ ಸಂಗತಿ ಈ ಒಂದು ಹೆಸರಿನಡಿ ಹೂತುಹೋಗಿದೆ. ಬದುಕಿದ್ದ ಒಂದು ಇಡೀ ಸಮಾಜ ಒಂದು ಕಟ್ಟಡವಾಗಿ ಕುಗ್ಗಿದೆ.

ಊರ ಪೂರ್ವಕ್ಕಿರುವ ಲಿಂಗ್‌ಶಾನ್ ಗುಡ್ಡದ ಎರಡು ಗೋರಿಗಳ ಕಥೆಯೂ ಇಂಥದ್ದೇ. ಪ್ರವಾದಿ ಮುಹಮ್ಮದ್(ಸ)ರ ನಾಲ್ವರು ಶಿಷ್ಯರು ಚೀನಾಕ್ಕೆ ಬಂದರು, ಅವರಲ್ಲಿ ಇಬ್ಬರು ಇಲ್ಲಿ ದಫನವಾಗಿದ್ದಾರೆ ಎಂದು 17ನೇ ಶತಮಾನದ ಚೀನೀ ಗ್ರಂಥವೊಂದು ದಾಖಲಿಸಿದೆ. ಆ ಆಗಮನವನ್ನು ಅದು ಕ್ರಿ.ಶ. 618-626ರ ನಡುವೆ ಇಡುತ್ತದೆ. ಪ್ರವಾದಿಯವರು ಮದೀನಾಕ್ಕೆ ಹಿಜ್ರತ್ ಹೋದದ್ದೇ 622ರಲ್ಲಿ. ಆ ಹೊತ್ತಿಗೆ ಶಿಷ್ಯರು ದಕ್ಷಿಣ ಚೀನಾದಲ್ಲಿದ್ದರು ಎನ್ನುವುದನ್ನು ಇತಿಹಾಸವೆಂದು ಸ್ವೀಕರಿಸುವುದು ಕಷ್ಟ. ಆದರೆ ಇಂಥ ಕಥೆಗಳನ್ನು ಸುಳ್ಳೆಂದು ಬದಿಗೆ ಸರಿಸುವುದೂ ಸರಿಯಲ್ಲ. ಮಾಲಿಕ್ ದೀನಾರ್‌ರ ಸಂಗಡಿಗರು ಮಂಗಳೂರು, ಬಾರ್ಕೂರುಗಳಲ್ಲಿ ಮಸೀದಿ ಕಟ್ಟಿದರೆಂಬ ನಮ್ಮ ಕರಾವಳಿಯ ಐತಿಹ್ಯವೂ ಇದೇ ಬಗೆಯದು. ನಾವು ಇಲ್ಲಿಗೆ ನಿನ್ನೆ ಮೊನ್ನೆ ಬಂದವರಲ್ಲ ಎಂದು ಹೇಳಬೇಕಾದ ಒತ್ತಡ ಯಾವ ಕಾಲದಲ್ಲಿ, ಯಾರ ಎದುರು ಹುಟ್ಟಿತು ಎಂಬುದನ್ನು ಅವು ತಿಳಿಸುತ್ತವೆ. ಖಚಿತವಾಗಿರುವುದು ಇಷ್ಟು: 1322ರಲ್ಲಿ ಊರಿನ ಮುಸ್ಲಿಮರು ಈ ಗೋರಿಗಳನ್ನು ದುರಸ್ತಿ ಮಾಡಿ ಅರಬೀ ಶಾಸನ ಹಾಕಿಸಿದರು. 1417ರಲ್ಲಿ ಹೋರ್ಮುಝ್‌ಗೆ ಹೊರಟ ಮಿಂಗ್ ನೌಕಾಪತಿ ಝೆಂಗ್ ಹೆ ಇಲ್ಲಿಗೆ ಬಂದು ಧೂಪ ಹಚ್ಚಿದ, ಅದರ ನೆನಪಿಗೆ ಒಂದು ಸಣ್ಣ ಕಲ್ಲು ನೆಟ್ಟರು.

ಝೆಂಗ್ ಹೆಯನ್ನು ಇವತ್ತು ಚೀನಾ ಶಾಂತಿಯ ರಾಯಭಾರಿಯೆಂದು ಮೆರೆಸುತ್ತದೆ. ಅವನು ಯುನ್ನಾನ್‌ನ ಮುಸ್ಲಿಮ್ ಮನೆಯ ಹುಡುಗ, ಮಿಂಗ್ ಸೇನೆ ಯುನ್ನಾನನ್ನು ಗೆದ್ದಾಗ ಸೆರೆಸಿಕ್ಕವನು, ಬೀಜ ಒಡೆಸಿಕೊಂಡು ಅರಮನೆಯ ಸೇವೆಗೆ ಸೇರಿಸಲ್ಪಟ್ಟವನು ಎಂಬುದು ಆ ಮೆರವಣಿಗೆಯಲ್ಲಿ ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ.

ಈ ಊರಿನ ನಿಜವಾದ ಗ್ರಂಥಾಲಯವೆಂದರೆ ಅದರ ಕಲ್ಲುಗಳು. 20ನೇ ಶತಮಾನದ ಮೊದಲರ್ಧದಲ್ಲಿ ನಗರದ ಹಳೆಯ ಕೋಟೆಗೋಡೆಯನ್ನು ಕೆಡವುತ್ತಿದ್ದಾಗ ಅದರೊಳಗಿಂದ ಅರಬೀ, ಫಾರಸಿ, ಸಿರಿಯಕ್, ತಮಿಳು ಅಕ್ಷರಗಳ ಕಲ್ಲುಗಳು ಹೊರಬರತೊಡಗಿದವು. ಗೋರಿಕಲ್ಲುಗಳು, ಮಸೀದಿಯ ತುಂಡುಗಳು, ದೇವಾಲಯದ ಕಂಬಗಳು, ಶಿಲುಬೆಗಳು. ಎಲ್ಲವನ್ನೂ ಯಾವುದೋ ಕಾಲದಲ್ಲಿ ಕಿತ್ತು ಗೋಡೆಗೆ ತುಂಬಿದ್ದರು. ವು ವೆನ್‌ಲಿಯಾಂಗ್ ಎಂಬ ಶಾಲಾ ಮೇಷ್ಟ್ರು, ಜೀವಶಾಸ್ತ್ರ ಕಲಿಸುವವರು, ಇವುಗಳ ಬೆನ್ನು ಹತ್ತಿದರು. ಕಲ್ಲುಕುಟಿಗರು ಒಡೆದು ಮಾರುವ ಮೊದಲೇ ಹೋಗಿ ಕೊಳ್ಳುವುದು, ಮನೆಗೆ ಸಾಗಿಸುವುದು, ಅಚ್ಚು ತೆಗೆಯುವುದು. ಯಾವ ವಿಶ್ವವಿದ್ಯಾಲಯದ ಇತಿಹಾಸ ಪೀಠವೂ ಅವರ ಹಿಂದಿರಲಿಲ್ಲ. ಸಂಗ್ರಹವನ್ನು 1950ರ ದಶಕದಲ್ಲಿ ಸರಕಾರಕ್ಕೆ ಒಪ್ಪಿಸಿದರು, 1957ರಲ್ಲಿ ಕ್ವಾನ್‌ಝೌನ ಧಾರ್ಮಿಕ ಶಿಲಾಶಾಸನಗಳ ಕುರಿತ ಅವರ ಪುಸ್ತಕ ಬಂತು. 1969ರಲ್ಲಿ, ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲೇ, ತೀರಿಕೊಂಡರು. 1959ರಲ್ಲಿ ಶುರುವಾದ ಸಾಗರ ಸಂಪರ್ಕ ವಸ್ತುಸಂಗ್ರಹಾಲಯ ನಿಂತಿರುವುದು ಬಹುಮಟ್ಟಿಗೆ ಈ ಮೇಷ್ಟ್ರ ಹಟದ ಮೇಲೆ.

ಆ ಕಲ್ಲುಗಳ ನಡುವೆ ಅವಸರ ಮಾಡದೆ ನಡೆಯಬೇಕು. ಶೀರಾಝ್, ಇಸ್ಫಹಾನ್, ತಬ್ರೀಝ್, ಖ್ವಾರಿಝ್ಮ್ ಎಂದು ಊರ ಹೆಸರುಗಳು. ಪರದೇಶಿಯಾಗಿ ಸತ್ತವನಿಗೆ ಹುತಾತ್ಮನ ಸ್ಥಾನ ಎಂಬರ್ಥದ ಮಾತು ಹಲವು ಗೋರಿಗಳ ಮೇಲಿದೆ. ಮನೆಗೆ ಮರಳಲಾಗದವರಿಗೆ ಅದಕ್ಕಿಂತ ದೊಡ್ಡ ಸಮಾಧಾನ ಏನಿದ್ದೀತು? ಅಹ್ಮದ್ ಎಂಬ ಮೂವತ್ತರ ಪ್ರಾಯದವನ ಗೋರಿಕಲ್ಲು 1320ರ ದಶಕದ ಆರಂಭದ್ದು. ಅದರಲ್ಲಿ ಅರಬೀ, ಫಾರಸಿ, ಚೀನೀ ಮೂರೂ ಇವೆ. ತನ್ನ ಕುಟುಂಬದ ತಾಯಿಯ ಊರಾದ ಝೈತೂನಿನಲ್ಲಿ ಅವನು ತೀರಿಕೊಂಡ ಎಂದು ಬರೆದಿದೆ. ತಂದೆಯ ಕಡೆಯವರು ಸಮುದ್ರದಾಚೆಯವರು, ತಾಯಿಯ ಕಡೆ ಈ ನೆಲ. ಪರದೇಶಿಯ ಸಾವಿನ ಬಗ್ಗೆ ಹೇಳುವ ಕಲ್ಲುಗಳ ನಡುವೆಯೇ, ಪರದೇಶಿಯಲ್ಲದವನೊಬ್ಬನ ಕಲ್ಲು. ಅಂತಾರಾಷ್ಟ್ರೀಯ ವ್ಯಾಪಾರದ ಬಗ್ಗೆ ಗೋಡೆಯ ಮೇಲೆ ಬಿಡಿಸಿದ ನಕ್ಷೆಗಳೆಲ್ಲಕ್ಕಿಂತ ಈ ಒಂದು ಕಲ್ಲು ಹೆಚ್ಚು ಹೇಳುತ್ತದೆ ಎಂದು ನನ್ನ ಅನಿಸಿಕೆ.

ಮುಸ್ಲಿಮರಷ್ಟೇ ಅಲ್ಲ. 686ರಲ್ಲಿ ಸ್ಥಾಪನೆಯಾದ ಕೈಯುವಾನ್ ಬೌದ್ಧ ವಿಹಾರಕ್ಕೆ ಬರುವ ಪ್ರವಾಸಿಗರು ಮುಂದಿನ ಅವಳಿ ಗೋಪುರಗಳನ್ನು ನೋಡಿ ಮರಳುತ್ತಾರೆ. ಮುಖ್ಯ ಮಂದಿರದ ಹಿಂಬದಿಗೆ ಹೋದರೆ ಹದಿನಾರು ಮುಖದ ಎರಡು ಕಂಬಗಳಿವೆ: ನರಸಿಂಹ, ಮರಗಳ ನಡುವೆ ಒರಳೆಳೆಯುವ ಬಾಲಕೃಷ್ಣ, ಆನೆಯನ್ನು ಕಾಪಾಡುವ ವಿಷ್ಣು. ಮುಂಭಾಗದ ಜಗಲಿಯ ಬುಡದಲ್ಲಿ ಸಿಂಹ ಮತ್ತು ಮನುಷ್ಯಮುಖದ ಸಿಂಹಗಳ 73 ಫಲಕಗಳು. ಇವೆಲ್ಲ ಹಾಳಾದ ಹಿಂದೂ ದೇವಾಲಯದಿಂದ ಬಂದವು, ಮಿಂಗ್ ಕಾಲದ ದುರಸ್ತಿಯಲ್ಲಿ ಇಲ್ಲಿ ಸೇರಿದವು. ದಕ್ಷಿಣ ಭಾರತದ ವ್ಯಾಪಾರಿಗಳು ಖಾನನ ಆರೋಗ್ಯಕ್ಕಾಗಿ ಶಿವನನ್ನು ಪ್ರತಿಷ್ಠಾಪಿಸಿದ್ದನ್ನು ಹೇಳುವ 1281ರ ತಮಿಳು ಶಾಸನವೂ ಇದೇ ಊರಿನಲ್ಲಿ ಸಿಕ್ಕಿತು. ಹತ್ತಿರದ ಚಿದಿಯಾನ್ ಹಳ್ಳಿಯ ಪುಟ್ಟ ಗುಡಿಯೊಂದರಲ್ಲಿ ನಾಲ್ಕು ಕೈಗಳ ದೇವಿಯ ಉಬ್ಬುಶಿಲ್ಪವಿದೆ. ತಮಿಳು ವ್ಯಾಪಾರಿಗಳು ಬಿಟ್ಟುಹೋದ ಆಕೆಯನ್ನು ಹಳ್ಳಿಯವರು ಕರುಣೆಯ ದೇವತೆ ಗುವಾನ್‌ಯಿನ್ ಎಂದು ಪೂಜಿಸುತ್ತಾರೆ. ಜಿಂಜಿಯಾಂಗ್‌ನ ಗುಡ್ಡವೊಂದರ ಮೇಲೆ, ಚಾವೊಆನ್ ಎಂಬ ಗುಡಿಯಲ್ಲಿ, 1339ರಲ್ಲಿ ಬಂಡೆಗೆ ಕೆತ್ತಿದ ಪ್ರವಾದಿ ಮಾನಿಯ ಮೂರ್ತಿಯಿದೆ. ಇರಾಕಿನಿಂದ ಹೊರಟ ಮಾನಿಯ ಮತ ಜಗತ್ತಿನಲ್ಲಿ ನಿರ್ನಾಮವಾಯಿತು. ಇಲ್ಲಿ ಮಾತ್ರ ಅವನು ಬೆಳಕಿನ ಬುದ್ಧನೆಂಬ ಹೆಸರಿನಲ್ಲಿ ಧೂಪ ಸ್ವೀಕರಿಸುತ್ತ ಕುಳಿತಿದ್ದಾನೆ.

ಇದನ್ನೆಲ್ಲ ಒಟ್ಟಿಗೆ ನೋಡಿದವರು ಉತ್ಸಾಹದಿಂದ ಕ್ವಾನ್‌ಝೌವನ್ನು ಜಗತ್ತಿನ ಧರ್ಮಗಳ ವಸ್ತುಸಂಗ್ರಹಾಲಯ ಎನ್ನುತ್ತಾರೆ. ಮಸೀದಿಯ ಪಕ್ಕದಲ್ಲೇ ಗುವಾನ್ ಯು ದೇವರ ಗುಡಿ, ಅಲ್ಲೇ ಹತ್ತಿರ ಕನ್‌ಫ್ಯೂಶಿಯಸ್‌ನ ಮಂದಿರ, ನೋಡಿ ಎಂಥ ಸೌಹಾರ್ದ! ಈ ಮಾತು ಸುಳ್ಳಲ್ಲ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಅಷ್ಟೊಂದು ಸೌಹಾರ್ದ ಇದ್ದರೆ ಗೋರಿಕಲ್ಲುಗಳು ಕೋಟೆಗೋಡೆಯೊಳಗೆ ಹೋದದ್ದು ಹೇಗೆ?

ಉತ್ತರಕ್ಕೆ ಎರಡು ಅಹಿತಕರ ಅಧ್ಯಾಯಗಳನ್ನು ಓದಬೇಕು. ಮೊದಲನೆಯದು ನಮಗೇ ಅಹಿತಕರ. ಸೊಂಗ್ ದೊರೆಗಳ ಕೊನೆಗಾಲದಲ್ಲಿ ಈ ಬಂದರಿನ ಸಮುದ್ರ ವ್ಯಾಪಾರದ ಅಧಿಕಾರಿಯಾಗಿದ್ದವನು ಪು ಶೌಗೆಂಗ್, ಮುಸ್ಲಿಮ್ ವ್ಯಾಪಾರಿ ಮನೆತನದವನು. 1276ರಲ್ಲಿ ಮಂಗೋಲರಿಂದ ತಪ್ಪಿಸಿಕೊಂಡು ಬಂದ ಸೊಂಗ್ ಆಸ್ಥಾನಕ್ಕೆ ಅವನು ಬಾಗಿಲು ಮುಚ್ಚಿದ, ಊರಿನಲ್ಲಿದ್ದ ರಾಜಮನೆತನದವರನ್ನು ಕೊಲ್ಲಿಸಿದ, ಮಂಗೋಲರ ಪಕ್ಷ ಸೇರಿದ. ಝೈತೂನಿನ ಸುವರ್ಣಯುಗ ಶುರುವಾದದ್ದು ಈ ರಕ್ತದ ಮೇಲೆ. ಮಂಗೋಲರ ಆಳ್ವಿಕೆಯಲ್ಲಿ ಪಶ್ಚಿಮದಿಂದ ಬಂದವರಿಗೆ ಸ್ಥಳೀಯ ಚೀನೀಯರಿಗಿಂತ ಮೇಲಿನ ಸ್ಥಾನವಿತ್ತು. ವಿದೇಶಿಯರಿಗೆ ಮಣೆ ಹಾಕಿದ ಆ ವ್ಯವಸ್ಥೆಯನ್ನು ನಾವು ಸಹಿಷ್ಣುತೆ ಎಂದು ಕೊಂಡಾಡುವಾಗ, ಅದರ ಕೆಳಗೆ ಕೂತಿದ್ದವರಿಗೆ ಅದು ಹೇಗೆ ಕಾಣುತ್ತಿತ್ತು ಎಂದು ಕೇಳಿಕೊಳ್ಳಬೇಕು.

ಎರಡನೆಯದು ಅದರ ಲೆಕ್ಕ ತೀರಿಸಿದ ಅಧ್ಯಾಯ. ಯುವಾನ್ ಆಳ್ವಿಕೆ ಕುಸಿಯುತ್ತಿದ್ದಾಗ, 1357ರಲ್ಲಿ, ಕ್ವಾನ್‌ಝೌನ ಪರ್ಶಿಯನ್ ಕಾವಲುಪಡೆ ದಂಗೆಯೆದ್ದಿತು. ಹತ್ತು ವರ್ಷ ಕರಾವಳಿಯಲ್ಲಿ ಯುದ್ಧ, ಅವರವರಲ್ಲೇ ಕಚ್ಚಾಟ. 1366ರಲ್ಲಿ ಸರಕಾರಿ ಪಡೆಗಳು ಊರನ್ನು ಹಿಡಿದಾಗ ವಿದೇಶಿ ಮುಖದವರ ಕಗ್ಗೊಲೆ ನಡೆಯಿತು. ಎತ್ತರದ ಮೂಗಿನವರೆಂಬ ಕಾರಣಕ್ಕೆ ಸಂಬಂಧವಿಲ್ಲದವರೂ ಸತ್ತರೆಂದು ಸ್ಥಳೀಯ ವಂಶಾವಳಿಯೊಂದು ದಾಖಲಿಸಿದೆ. ಮಸೀದಿ, ದೇವಾಲಯ, ಗೋರಿಗಳು ನೆಲಸಮವಾದವು. ಬದುಕುಳಿದವರು ಹಳ್ಳಿಗಳಿಗೆ ಓಡಿಹೋಗಿ ಹೆಸರು ಬದಲಿಸಿಕೊಂಡರು. ಬಳಿಕ ಬಂದ ಮಿಂಗ್ ಕಾನೂನು ಮಂಗೋಲರಿಗೂ ಪಶ್ಚಿಮದವರಿಗೂ ತಮ್ಮ ತಮ್ಮೊಳಗೆ ಮದುವೆಯಾಗುವುದನ್ನು ನಿಷೇಧಿಸಿತು. ಹಾಗೆಂದು ಮಿಂಗ್ ದೊರೆಗಳನ್ನು ಬರೀ ಖಳರನ್ನಾಗಿ ಚಿತ್ರಿಸುವುದೂ ಆಗದು: ಮುಸ್ಲಿಮರನ್ನು ಯಾರೂ ಪೀಡಿಸಕೂಡದೆಂದು ಯೊಂಗ್ಲೆ ಚಕ್ರವರ್ತಿ 1407ರಲ್ಲಿ ಹೊರಡಿಸಿದ ಆಜ್ಞೆಯ ಕಲ್ಲು ಇದೇ ಚಿಂಗ್‌ಜಿಂಗ್ ಮಸೀದಿಯ ಗೋಡೆಯಲ್ಲಿದೆ.

ಈಗ ಅಧಿಕೃತ ಕಥನಕ್ಕೆ ಬರೋಣ. 2021ರಲ್ಲಿ ಯುನೆಸ್ಕೊ ಇಲ್ಲಿನ 22 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2018ರಲ್ಲಿ ಮೊದಲ ಬಾರಿ ಅರ್ಜಿ ಹೋದಾಗ ಅದರ ಶೀರ್ಷಿಕೆಯಲ್ಲಿ ಝೈತೂನ್ ಎಂಬ ಹೆಸರಿತ್ತು. ಆ ಬಾರಿ ಮನ್ನಣೆ ಸಿಗಲಿಲ್ಲ. 2021ರ ಶೀರ್ಷಿಕೆಯಲ್ಲಿ ಅದು ಹೋಗಿ, ಸೊಂಗ್-ಯುವಾನ್ ಕಾಲದ ಚೀನಾದಲ್ಲಿ ಜಗತ್ತಿನ ಮಹಾಪೇಟೆ ಎಂಬರ್ಥದ ಮಾತು ಬಂತು. ಶೀರ್ಷಿಕೆ ಬದಲಾದದ್ದಕ್ಕೆ ತಾಂತ್ರಿಕ ಕಾರಣಗಳು ಇರಬಹುದು. ಆದರೆ ಓದುಗನಾಗಿ ನನಗೆ ಎರಡು ಸಂಗತಿ ಕಾಣುತ್ತವೆ. ಹೊರಗಿನವರು ಪ್ರೀತಿಯಿಂದ ಕರೆದ ಹೆಸರು ಬಿಟ್ಟುಹೋಯಿತು. ಎರಡನೆಯದಾಗಿ, ಸೊಂಗ್-ಯುವಾನ್ ಎಂದು ಕಾಲಕ್ಕೆ ಗೆರೆ ಎಳೆದರೆ ಕಥೆ 1368ಕ್ಕೆ ನಿಲ್ಲುತ್ತದೆ. ಕೊಲೆಯಾದವರ ನಂತರದ ಆರುನೂರೈವತ್ತು ವರ್ಷಗಳಲ್ಲಿ ಅವರ ಮಕ್ಕಳು ಮೊಮ್ಮಕ್ಕಳು ಏನಾದರು ಎಂಬುದು ಪೇಟೆಯ ಕಥೆಗೆ ಬೇಕಿಲ್ಲ. ಪೇಟೆಯಲ್ಲಿ ಎಲ್ಲರೂ ಗಿರಾಕಿಗಳೇ, ಯಾರೂ ನೆರೆಹೊರೆಯವರಲ್ಲ.

ಪ್ರವಾಸಿಗರನ್ನು ನೆಚ್ಚಿಕೊಳ್ಳೋಣವೇ ಎಂದರೆ ಅಲ್ಲೂ ನಿರಾಶೆಯಿದೆ. ಇಬ್ನು ಬತೂತ 1340ರ ದಶಕದ ನಡುವೆ, ಅಂದರೆ ದಂಗೆಗೆ ಹತ್ತೇ ವರ್ಷ ಮೊದಲು, ಝೈತೂನಿಗೆ ಬಂದ. ಇದೇ ಮನುಷ್ಯ ಹೊನ್ನಾವರಕ್ಕೆ ಬಂದಾಗ ಹೆಣ್ಣುಮಕ್ಕಳ 13, ಗಂಡುಮಕ್ಕಳ 23 ಪಾಠಶಾಲೆಗಳನ್ನು ಎಣಿಸಿದ್ದ, ಅಲ್ಲಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಿದ್ದುದನ್ನು ಬರೆದಿದ್ದ. ಮಂಗಳೂರಿನಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದಾರೆಂದು ಲೆಕ್ಕ ಕೊಟ್ಟಿದ್ದ. ಚೀನಾಕ್ಕೆ ಹೋದೊಡನೆ ಅವನ ಕಣ್ಣು ಮಂಕಾಗುತ್ತದೆ. ಅಲ್ಲಿನ ಆಚಾರಗಳನ್ನು ಕಂಡು ಮನಸ್ಸು ಕೆಟ್ಟು, ಅಗತ್ಯವಿಲ್ಲದೆ ಮನೆಯಿಂದ ಹೊರಡುತ್ತಿರಲಿಲ್ಲವೆಂದು ಅವನೇ ಒಪ್ಪಿಕೊಳ್ಳುತ್ತಾನೆ. ಮುಸ್ಲಿಮರನ್ನು ಕಂಡರೆ ಮಾತ್ರ ಬಂಧುಗಳನ್ನು ಕಂಡಂತಾಗುತ್ತಿತ್ತಂತೆ. ಝೈತೂನಿನ ಕಾಝಿ ಯಾರು, ಶೈಖ್ ಯಾರು, ತನಗೆ ಭಾರತದಲ್ಲಿ ಸಾಲ ಕೊಟ್ಟಿದ್ದ ತಬ್ರೀಝಿನ ವ್ಯಾಪಾರಿ ಇಲ್ಲಿ ಹೇಗೆ ಎದುರಾದ ಎಂದೆಲ್ಲ ಹೇಳುವ ಅವನು, ಪಕ್ಕದ ಬೀದಿಯ ಚೀನೀಯನ ಒಬ್ಬನ ಹೆಸರನ್ನೂ ಹೇಳುವುದಿಲ್ಲ. ಚೀನಾದ ಒಳನಾಡಿಗೆ ಅವನು ಹೋದದ್ದನ್ನೇ ಹಲವು ವಿದ್ವಾಂಸರು ಅನುಮಾನಿಸುತ್ತಾರೆ. ನಮ್ಮವರಿದ್ದಲ್ಲಿ ಹೋಗಿ, ನಮ್ಮ ಊಟ ಮಾಡಿ, ನಮ್ಮವರ ಹೊಗಳಿಕೆ ಬರೆದುಕೊಂಡು ಬರುವ ಪ್ರವಾಸಿಗರಿಗೆ ಅವನು ಹಿರಿಯಣ್ಣ. ಆದರೂ ಅವನ ಒಂದು ಉಪಕಾರವನ್ನು ಮರೆಯಬಾರದು. ಅವನು ಹೆಸರಿಸಿದ ಕಾಝರೂನ್‌ನ ಶೈಖ್ ಬುರ್ಹಾನುದ್ದೀನ್, ವು ಜಿಯಾನ್‌ನ ಚೀನೀ ಶಾಸನದಲ್ಲೂ ಇದ್ದಾರೆ. ಮೊರೊಕ್ಕೊದ ಪ್ರವಾಸಿಗ, ಚೀನಾದ ವಿದ್ವಾಂಸ, ಒಬ್ಬರಿಗೊಬ್ಬರು ಅರಿಯದೆ ಒಬ್ಬನೇ ಮನುಷ್ಯನಿಗೆ ಸಾಕ್ಷಿ ನುಡಿದಿದ್ದಾರೆ.

ಇಂಥ ಊರಿನ ಬಗ್ಗೆ ಸುಳ್ಳು ಸಾಕ್ಷಿಗಳೂ ಹುಟ್ಟುತ್ತವೆ. 1997ರಲ್ಲಿ ಡೇವಿಡ್ ಸೆಲ್‌ಬೋರ್ನ್ ಎಂಬ ಬ್ರಿಟಿಷ್ ಲೇಖಕ, ಮಾರ್ಕೊ ಪೋಲೊಗಿಂತ ಮೊದಲೇ ಝೈತೂನಿಗೆ ಹೋಗಿದ್ದ ಇಟಲಿಯ ಯಹೂದಿ ವ್ಯಾಪಾರಿಯ ಕಥನವೆಂದು ದಪ್ಪನೆಯ ಪುಸ್ತಕವೊಂದನ್ನು ಪ್ರಕಟಿಸಿದರು. ಮೂಲ ಹಸ್ತಪ್ರತಿಯನ್ನು ವಿದ್ವಾಂಸರ ಪರೀಕ್ಷೆಗೆ ಒಡ್ಡಲಿಲ್ಲ. ಚೀನಾ ತಜ್ಞರಲ್ಲಿ ಹೆಚ್ಚಿನವರು ಅದನ್ನು ಕೃತಕವೆಂದು ತಳ್ಳಿಹಾಕಿದರು. ಸ್ವೇಚ್ಛೆಯಿಂದ ಕೆಟ್ಟುಹೋಗುತ್ತಿರುವ ನಗರ, ನೀತಿಯ ಬಗ್ಗೆ ಉದ್ದುದ್ದದ ವಾದಗಳು, ಎಲ್ಲವೂ 20ನೇ ಶತಮಾನದ ಯೂರೋಪಿನ ಚಿಂತೆಗಳಂತೆ ಕಾಣುತ್ತವೆ. ಅವರವರಿಗೆ ಬೇಕಾದ ಝೈತೂನ್ ಅವರವರು ಕಟ್ಟಿಕೊಂಡದ್ದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಕಲ್ಲಿನ ಪರಂಪರೆಗೂ ಜೀವಂತ ಜನರಿಗೂ ನಡುವಿನ ಅಂತರ ಎಷ್ಟೆಂದು ತಿಳಿಯಲು ಕ್ವಾನ್‌ಝೌನಿಂದ ಸ್ವಲ್ಪ ಆಚೆ ನೋಡಬೇಕು. ಚಿಂಗ್‌ಜಿಂಗ್ ಮಸೀದಿ 1961ರಲ್ಲೇ ರಾಷ್ಟ್ರೀಯ ಸಂರಕ್ಷಿತ ಸ್ಮಾರಕಗಳ ಮೊದಲ ಪಟ್ಟಿಯಲ್ಲಿತ್ತು. ಅದರ ಅರಬೀ ಶೈಲಿಯೇ ಅದರ ಹೆಗ್ಗಳಿಕೆ. ಆದರೆ ಇಸ್ಲಾಮನ್ನು ಚೀನೀಕರಿಸುವ ಐದು ವರ್ಷಗಳ ಯೋಜನೆ 2018ರಲ್ಲಿ ಶುರುವಾದ ಮೇಲೆ, ಅರಬೀ ಶೈಲಿಯದು ಎಂಬ ಕಾರಣಕ್ಕೇ ನಿಂಗ್‌ಶಿಯಾ, ಯುನ್ನಾನ್‌ಗಳಲ್ಲಿ ಮಸೀದಿಗಳ ಗುಂಬಜ್‌ಗಳನ್ನು ತೆಗೆಸಲಾಯಿತು. 2018ರಲ್ಲಿ ನಿಂಗ್‌ಶಿಯಾದ ವೈಝೌನಲ್ಲಿ, 2023ರ ಮೇಯಲ್ಲಿ ಯುನ್ನಾನ್‌ನ ನಜಿಯಾಯಿಂಗ್‌ನಲ್ಲಿ ಜನ ಬೀದಿಗಿಳಿದರು. ಯುನ್ನಾನ್‌ನ ಶಾದಿಯಾನ್‌ನಲ್ಲಿ 1975ರಲ್ಲಿ ಸೇನೆಯ ಕಾರ್ಯಾಚರಣೆಗೆ ಸಾವಿರಕ್ಕೂ ಹೆಚ್ಚು ಮುಸ್ಲಿಮರು ಬಲಿಯಾಗಿದ್ದರು. ಆ ಊರಿನ ದೊಡ್ಡ ಮಸೀದಿಯ ಗುಂಬಜ್ 2024ರ ಹೊತ್ತಿಗೆ ಹೋಗಿತ್ತು. ಶಿಂಜಿಯಾಂಗ್‌ನ ಹೋತಾನ್ ಬಳಿಯ ಮರಳುಗಾಡಿನಲ್ಲಿ ಉಯ್ಗುರರು ಯಾತ್ರೆ ಹೋಗುತ್ತಿದ್ದ ಇಮಾಮ್ ಆಸಿಮ್ ದರ್ಗಾದ ಸುತ್ತಲಿನ ಕಟ್ಟಡಗಳು ಉಪಗ್ರಹ ಚಿತ್ರಗಳಲ್ಲಿ ಮಾಯವಾದದ್ದನ್ನು 2019ರಲ್ಲಿ ಪತ್ರಕರ್ತರು ತೋರಿಸಿದರು.

ಇಲ್ಲಿ ನಾವು ಒಂದು ಎಚ್ಚರ ವಹಿಸಬೇಕು. ಗುಂಬಜ್ ಇಲ್ಲದ ಮಸೀದಿ ಕಡಿಮೆ ಮಸೀದಿಯಲ್ಲ. ಶಿಯಾನ್‌ನ ಮರದ ಮಸೀದಿ ಅಲ್ಲಿನ ಮುಸ್ಲಿಮರು ಶತಮಾನಗಳ ಕಾಲ ತಾವೇ ಆರಿಸಿಕೊಂಡ ರೂಪ. ನಮ್ಮ ಕರಾವಳಿಯ ಹಳೆಯ ಮರದ ಮಸೀದಿಗಳಂತೆ ಅದಕ್ಕೆ ಅದರದೇ ಚೆಲುವಿದೆ. ವಿಷಯ ಮಾಡಿನ ಆಕಾರದ್ದಲ್ಲ, ಅದನ್ನು ಆರಿಸುವವರು ಯಾರು ಎಂಬುದರದ್ದು. ಏಳುನೂರು ವರ್ಷ ಹಳೆಯ, ಮಾಡಿಲ್ಲದ, ಸಾಲುಗಟ್ಟಿ ನಮಾಝ್ ಮಾಡದ ಅರಬೀ ಕಮಾನು ಪ್ರದರ್ಶನಕ್ಕೆ ಯೋಗ್ಯ. ಜನ ತುಂಬಿದ ಮಸೀದಿಯ ಮೇಲಿನ ಅರಬೀ ಗುಂಬಜ್ ಅನುಮಾನಕ್ಕೆ ಯೋಗ್ಯ. ಪರಂಪರೆ ಎಂಬ ಪದವನ್ನು ಯಾವ ದೇಶದ ಪ್ರವಾಸೋದ್ಯಮ ಇಲಾಖೆ ಬಳಸಿದರೂ ಈ ವ್ಯತ್ಯಾಸವನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಕಗ್ಗೊಲೆಯಿಂದ ಓಡಿಹೋದವರು ಎಲ್ಲಿ ಸೇರಿದರು? ಕೆಲವರು ಸಮುದ್ರದಂಚಿನ ಬೈಚಿ ಹಳ್ಳಿಗಳಿಗೆ. ಕೆಲವರು ಕ್ವಾನ್‌ಝೌನ ದಕ್ಷಿಣಕ್ಕಿರುವ ಚೆನ್‌ದಾಯ್‌ಗೆ. ಇವತ್ತು ಚೆನ್‌ದಾಯ್ ಪಾದರಕ್ಷೆ ಕಾರ್ಖಾನೆಗಳ ಊರು. ಗಿರಾಕಿಗಳು, ಲಾರಿಗಳು, ರಬ್ಬರಿನ ವಾಸನೆ. ಅದರ ನಡುವೆ ದಿಂಗ್ ಮನೆತನದ ಪೂರ್ವಜರ ಭವನವಿದೆ. ಸಯ್ಯಿದ್ ಅಜಲ್ ಶಂಸುದ್ದೀನ್ ತಮ್ಮ ಮೂಲಪುರುಷ ಎನ್ನುತ್ತಾರೆ ದಿಂಗ್‌ಗಳು. ಝೆಂಗ್ ಹೆಯ ವಂಶವೂ ಅವರಿಗೇ ಸೇರಿದ್ದೆಂಬ ನಂಬಿಕೆಯಿದೆ. ಭವನವನ್ನು ಮೇಲಿನಿಂದ ನೋಡಿದರೆ ಚೌಕದೊಳಗೊಂದು ಚೌಕ. ಚೀನೀ ಲಿಪಿಯಲ್ಲಿ ಮುಸ್ಲಿಮರನ್ನು ಸೂಚಿಸುವ ಹುಯಿ ಎಂಬ ಅಕ್ಷರದ ಆಕಾರ ಅದು. ಬಾಯಿಬಿಟ್ಟು ಹೇಳಲಾಗದ್ದನ್ನು ಗೋಡೆ ಕಟ್ಟಿ ಹೇಳಿದ್ದಾರೆ.

ಈ ಮನೆತನದ ವಂಶಾವಳಿಯಲ್ಲಿ ದಿಂಗ್ ಯಾನ್‌ಶಿಯಾ ಎಂಬವನು 16ನೇ ಶತಮಾನದ ಕೊನೆಯ ಭಾಗದಲ್ಲಿ ಪೂರ್ವಜರ ಮತದ ಬಗ್ಗೆ ಬರೆದ ಒಂದು ಲೇಖನವಿದೆ. ಇಡೀ ಕ್ವಾನ್‌ಝೌನಲ್ಲಿ ನನ್ನನ್ನು ಹೆಚ್ಚು ತಟ್ಟುವುದು ಯಾವ ಶಿಲೆಯೂ ಅಲ್ಲ, ಈ ಬರಹ. ತಮ್ಮವರಲ್ಲಿ ಹಿಂದೆ ನಡೆಯುತ್ತಿದ್ದುದನ್ನು ಅವನು ನೆನೆಯುತ್ತಾನೆ: ಹಗಲೆಲ್ಲ ಉಪವಾಸ, ಹಂದಿಮಾಂಸ ವರ್ಜ್ಯ, ಸತ್ತವರಿಗೆ ಸರಳವಾದ ಬಟ್ಟೆ, ಪೂರ್ವಜರ ಮುಂದೆ ಕಾಗದದ ಹಣ ಸುಡುವಂತಿಲ್ಲ, ಪ್ರಾರ್ಥನೆಯಲ್ಲಿ ಪರಭಾಷೆಯ ಶಬ್ದಗಳು. ಅವುಗಳ ಅರ್ಥ ಓದುವವರಿಗೂ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳಲು ಯತ್ನಿಸಲೂ ಇಲ್ಲ. ಆಮೇಲೆ ಒಂದೊಂದೇ ಸಡಿಲವಾಗುತ್ತ ಬಂದದ್ದನ್ನು ಹೇಳುತ್ತಾನೆ. ಯಾರನ್ನೂ ದೂರುವುದಿಲ್ಲ, ಗೋಳಾಡುವುದೂ ಇಲ್ಲ. ಚೀನೀ ವಿದ್ವಾಂಸನಾಗಿ ಬೆಳೆದ ಅವನು, ತನ್ನ ಮನೆಯ ಸಂಪ್ರದಾಯವೊಂದು ಆರುತ್ತಿರುವುದನ್ನು ಲೆಕ್ಕಪತ್ರ ಬರೆಯುವವನ ಶ್ರದ್ಧೆಯಿಂದ ಬರೆದಿಟ್ಟಿದ್ದಾನೆ. ಹತ್ಯಾಕಾಂಡ ಮಾಡಲಾಗದ್ದನ್ನು ಅರ್ಥ ತಿಳಿಯದ ಓದು ಮಾಡಿತು ಎಂದು ಅವನೆಲ್ಲೂ ಹೇಳುವುದಿಲ್ಲ, ಓದುವವನಿಗೆ ಹಾಗೆನಿಸದೆ ಇರದು.

1979ರಲ್ಲಿ ಚೀನಾ ಸರಕಾರ ದಿಂಗ್‌ಗಳನ್ನು ಹುಯಿ ಅಲ್ಪಸಂಖ್ಯಾತರೆಂದು ಮಾನ್ಯ ಮಾಡಿತು. ಅವರಲ್ಲಿ ಬಹುಪಾಲು ಜನ ನಮಾಝ್ ಮಾಡುವವರಲ್ಲ, ಮನೆಗಳಲ್ಲಿ ಹಂದಿಮಾಂಸ ಬೇಯುತ್ತದೆ. ಇವರು ಎಂಥ ಮುಸ್ಲಿಮರು ಎಂದು ಉತ್ತರ ಚೀನಾದ ಹುಯಿಗಳೂ ಕೇಳಿದ್ದುಂಟು. ಅಮೆರಿಕದ ಮಾನವಶಾಸ್ತ್ರಜ್ಞ ಡ್ರು ಗ್ಲಾಡ್ನಿ 1980ರ ದಶಕದಲ್ಲಿ ಇಲ್ಲಿಗೆ ಬಂದು ಇದೇ ಪ್ರಶ್ನೆಯ ಸುತ್ತ ಕೆಲಸ ಮಾಡಿದರು. ಪೂರ್ವಜರಿಗೆ ಎಡೆಯಿಡುವ ದಿನ ಚೆನ್‌ದಾಯ್‌ನ ಆ ಭವನದಲ್ಲಿ ಕೋಳಿ ಇರುತ್ತದೆ, ಮೀನು ಇರುತ್ತದೆ, ಹಣ್ಣು, ಚಹಾ, ಧೂಪ ಎಲ್ಲ ಇರುತ್ತವೆ. ಹಂದಿಮಾಂಸ ಮಾತ್ರ ಇಡುವುದಿಲ್ಲ. ಇದ್ದವರು ಏನು ತಿಂದರೂ, ಸತ್ತವರು ಅದನ್ನು ಮುಟ್ಟುವುದಿಲ್ಲ.